ಪಾಕ ಅಂದ್ರೆ ಎಡಕ್ಕೆ

ಚೆಂಡು ಹಿಡಿದು ಬಗ್ಗಿದವನು ನಾನು.
ನನ್ನ ಕಾಲಸಂದಿಯಲ್ಲಿ ಮಂಡ್ಯ ತಲೆಕೆಳಗು:
ಕಾಲೇಜು ಮೈದಾನದ ಹೊಂಗೆಮರ ಆಕಾಶದಿಂದ ಜೋತಿದೆ,
ತಿಮ್ಮೇಶ ನೆತ್ತಿಯ ಮೇಲೆ ನಿಂತು ಕೈ ಚಾಚಿದ್ದಾನೆ,
ಅವನು ಬಾಯಿ ತೆರೆದರೆ ಒಂದೇ ಮಾತು, ಅಷ್ಟೇ.

ಗುಂಪು ಕಟ್ಟಿ ಗುಸುಗುಸು ಮಾಡುವ ಹಾಗಿಲ್ಲ.
ಡೊಮಿನಿಕ್ ಸರ್ ಬೇಸಿಗೆಯಲ್ಲೇ ಹೇಳಿದ್ದರು:
"ಎದುರಿನವರು ಉಸಿರು ತಗೊಳ್ಳೋಕೆ ಮುಂಚೆ
ನೀವು ಮತ್ತೆ ಸಾಲಲ್ಲಿ ನಿಂತಿರಬೇಕು.
ಹನ್ನೊಂದು ಜನ, ಹನ್ನೊಂದು ಕೆಲಸ, ಒಂದು ಪದ."

ಮೊದಲು ರೈಲು ನಿಲ್ದಾಣಗಳ ಹೆಸರಿಟ್ಟೆವು.
ಹನಕೆರೆ ಅಂದರೆ ಬಲಕ್ಕೆ, ಯಲಿಯೂರು ಅಂದರೆ ನಡುವೆ.
ಪಾಂಡವಪುರ ಅನ್ನುವಷ್ಟರಲ್ಲಿ
ಎದುರಿನವ ಷೂ ದಾರ ಬಿಗಿದು ಎದ್ದು ನಿಂತಿರುತ್ತಿದ್ದ.
"ಐದಕ್ಷರ ಜಾಸ್ತಿ ಆಯ್ತು ಕಣ್ರೋ" ಅಂದರು ಸರ್.

ಆಗ ತಿಮ್ಮೇಶ ತಂದದ್ದು ಅವನ ಮಾವನ ಆಲೆಮನೆ.
ಅಲ್ಲಿ ಹಬೆಗೆ ಮುಖ ಕಾಣದು, ಗಾಣದ ಸದ್ದಿಗೆ ಕಿವಿ ಕೇಳದು.
ಬೋರಲಿಂಗಮಾವ ಹುಟ್ಟು ಎತ್ತಿ ಒಂದು ಮಾತು ಅಂದರೆ
ಒಲೆಯವನು ರಚ್ಚು ತಳ್ಳುವುದು ನಿಲ್ಲಿಸುತ್ತಾನೆ,
ಇಬ್ಬರು ಕೊಪ್ಪರಿಗೆಯ ಕಿವಿಗೆ ಕೈ ಹಾಕುತ್ತಾರೆ,
ಅಚ್ಚು ತೊಳೆಯುವ ಹೆಂಗಸು ಸೆರಗು ಸಿಕ್ಕಿಸಿ ಸರಿಯುತ್ತಾಳೆ.
ಯಾಕೆ ಅಂತ ಯಾರೂ ಕೇಳುವುದಿಲ್ಲ.
ಕೇಳುತ್ತ ನಿಂತರೆ ಬೆಲ್ಲ ಕಪ್ಪು.

ಗಾಣ ಅಂದರೆ ನಡುವೆ ನುಗ್ಗು. ಸೋಗೆ, ಬಲಕ್ಕೆ ಗಿಡ್ಡ ಓಟ.
ಅಚ್ಚು ಬರೀ ಸುಳ್ಳು, ಅಲ್ಲಾಡಬೇಡ.
ಪಾಕ ಅಂದರೆ ಎಡಕ್ಕೆ, ದೂರ, ಬಿಳಿ ಗೆರೆಯ ಮೂಲೆಗೆ.

ಮೈಸೂರಿನ ಹುಡುಗರು ಸೊಂಟ ಹಿಡಿದು ಏದುತ್ತಿದ್ದರು,
ನಾವು ಗಾಣ, ಗಾಣ, ಸೋಗೆ, ಗಾಣ.
ಕೊನೆಗೆ ಉಳಿದದ್ದು ಹನ್ನೆರಡು ಸೆಕೆಂಡು, ನಾಲ್ಕು ಪಾಯಿಂಟು ಹಿಂದೆ.
ಹೆಲ್ಮೆಟ್ಟಿಗೆ ಹೆಲ್ಮೆಟ್ಟು ತಾಗುವಷ್ಟು ಹತ್ತಿರ ಬಗ್ಗಿದ್ದ ದಾಂಡಿಗ
ಹಲ್ಲು ಬಿಟ್ಟು ಪಿಸುಗುಟ್ಟಿದ:
"ಪಾಕ ಅಂದ್ರೆ ಎಡಕ್ಕೆ, ಅಲ್ವಾ?
ನಮ್ದೂ ಕಿರುಗಾವಲು ಕಡೆ ಕಣಪ್ಪ, ನಮ್ಮನೇಲೂ ಆಲೆ ಐತೆ."

ಹೇಳಲಿ ಯಾರಿಗೆ? ತಿರುಗಲಾರೆ. ಗಡಿಯಾರ ಓಡುತ್ತಿದೆ.
ಕಬ್ಬಿನ ಲಾರಿಯೊಂದು ಹಾರನ್ನು ಒತ್ತಿಕೊಂಡೇ ರಸ್ತೆ ದಾಟಿತು.
ತಲೆಕೆಳಗಾದ ತಿಮ್ಮೇಶ ಅಂದ: "ಪಾ...ಕ."
ಎಳೆದು.
ಹದ ಇನ್ನೂ ಬಾರದಾಗ ಮಾವ ಹಾಗೆ ಎಳೆಯುವುದು,
ತಡಿ, ಕೈ ಹಾಕಬೇಡ, ಅಂತ.
ಆ ಎಳೆತ ಗೊತ್ತಿದ್ದವರು ನಮ್ಮಲ್ಲಿ ಮೂವರೇ.
ಚೆಂಡು ಬಿಟ್ಟೆ.
ಇಬ್ಬರು ಅಲ್ಲೇ ತಡೆದರು, ಉಳಿದವರು ಎಡಕ್ಕೆ,
ಅವರ ಹಿಂದೆ ಇಡೀ ಮೈಸೂರು.
ಸೈಕಲ್ ಶಾಪಿನ ಇಮ್ದಾದ್ ಮಾತ್ರ ಹಾರನ್ನಿಗೆ ಏನೂ ಕೇಳಿಸದೆ
ಬಲಗಡೆ ನಿಂತೇ ಇದ್ದ, ಸುತ್ತ ಹತ್ತು ಮಾರು ಖಾಲಿ ಹುಲ್ಲು.
ತಿಮ್ಮೇಶ ಅವನಿಗೇ ಎಸೆದ.
ಎದೆಗೆ ಬಡಿಯಿತು, ಕೈಗೂ ಬಂತು.
ಅವನು ನೋಡಿದ್ದು ನಮ್ಮನ್ನು, ಚೆಂಡನ್ನಲ್ಲ.
ಜಾರಿತು.

ಆಟ ಮುಗಿದ ಮೇಲೆ, ಅವತ್ತು ಮೊದಲ ಸಲ,
ಹನ್ನೊಂದೂ ಜನ ತಲೆಗೆ ತಲೆ ಕೊಟ್ಟು ಗುಂಪು ಕಟ್ಟಿದೆವು.
ಹೊತ್ತು ಬೇಕಾದಷ್ಟಿತ್ತು. ಮಾತು ಒಂದೂ ಇರಲಿಲ್ಲ.
ಕೊನೆಗೆ ಇಮ್ದಾದನೇ ಕೇಳಿದ:
"ಪಾಕ ಅಂದ್ರೆ ಎಡಕ್ಕೆ, ಗೊತ್ತು ಕಣ್ಲಾ.
ಪಾಕ ಅಂದ್ರೆ ಏನು?"

ಭಾನುವಾರ ಅವನನ್ನು ಆಲೆಮನೆಗೆ ಕರೆದೊಯ್ದೆವು.
ಮಾವ ಏನೂ ವಿವರಿಸಲಿಲ್ಲ.
ಬಟ್ಟಲ ನೀರಿಗೆ ಒಂದು ತೊಟ್ಟು ಬಿಟ್ಟರು,
ಬೆರಳಲ್ಲಿ ಉರುಳಿಸಿದರು, ಬಿಸಾಕಿದರು. ಮತ್ತೊಂದು ತೊಟ್ಟು.
ಹಬೆ ಇಮ್ದಾದನ ಕನ್ನಡಕ ಮುಚ್ಚಿತು.
ಮಾತು ಬಂದಾಗ ಒಲೆಯವನು ನಿಂತ, ಇಬ್ಬರು ಕಿವಿ ಹಿಡಿದರು,
ಹೆಂಗಸು ಸರಿದಳು,
ಕಣ್ಣು ಕಾಣದ ಇಮ್ದಾದ್ ಆಗಲೇ ರಚ್ಚಿನ ಮೇಲೆ
ಎಡಕ್ಕೆ ಎರಡು ಹೆಜ್ಜೆ ಹಾಕಿಬಿಟ್ಟಿದ್ದ.